ಪರದೆಯ ಹಿಂದಿನ ಮಷೀನು

ಸುರಪುರದಿಂದ ಯಾದಗಿರಿಯವರೆಗೆ ಬಾರಿಸುವ ಗಿಟಾರುಗಳೆಲ್ಲ ನನ್ನ ಕೈಯಲ್ಲೇ ಹುಟ್ಟಿದ್ದು. ಸುಳ್ಳು. ಒಂದೂ ಹುಟ್ಟಿಲ್ಲ. ರಂಗಂಪೇಟೆಯ ಮನೆಯ ಮುಂದಿನ ಖೋಲಿಯಲ್ಲಿ ನನ್ನದೊಂದು ರಿಪೇರಿ ಅಂಗಡಿ, ಅಷ್ಟೇ. ಸುಸ್ತಾಗಿ ಕುಂತವನನ್ನೇ ಇಂಥ ಪ್ರಸಂಗಗಳು ಯಾಕೆ ಹುಡುಕಿಕೊಂಡು ಬರುತ್ತವೋ ತಿಳಿಯದು. ಚಹಾ ಕುಡಿಯುತ್ತ ಕೇಳಿ, ಹೇಳುತ್ತೇನೆ.

೧. ಕೈ ಹಚ್ಚಬ್ಯಾಡ್ರಿ

ಮುದನಾಳದಿಂದ ಮದುವೆ ಆರ್ಕೆಸ್ಟ್ರಾದವನೊಬ್ಬ ಹೊಸ ಗಿಟಾರು ತಂದ. ತಂತಿಗಳು ಎಷ್ಟು ಎತ್ತರಕ್ಕಿದ್ದವೆಂದರೆ ಅರಿವಿ ಒಣಹಾಕಬಹುದಿತ್ತು. ಒತ್ತಿ ಒತ್ತಿ ಅವನ ಬೆರಳು ಬಾತಿದ್ದವು. ತಂತಿ ಕೂರುವ ಎಲುಬಿನ ಪಟ್ಟಿ ಬಿಚ್ಚಿ, ತಂತಿ ತಗ್ಗಲೆಂದು ಪಾಲಿಶ್ ಪೇಪರಿಗೆ ತಿಕ್ಕಲು ಹೋದೆ.

"ಏ ಕಾಕಾ, ಕೈ ಹಚ್ಚಬ್ಯಾಡ್ರಿ! ಮಷೀನ್ ಮಾಡಿದ ಮಾಲು. ಶಹಾಪುರದ ಅಂಗಡ್ಯಾಗ ಎಲ್ಲಾ ತಾನೇ ಸರಿ ಮಾಡೋ ಮಷೀನ್ ಬಂದದಂತ, ಅಲ್ಲಿಗೇ ಒಯ್ತೀನಿ."

"ಮಷೀನ್ ಮಾಡಿದ್ರಾಗ ತಪ್ಪಿಲ್ಲಂದ್ರ ಬೆರಳು ಯಾಕ ಬಾತಾವೋ?"

"ಬೆರಳು ಮನ್ಯಾಗ ಮಾಡಿದ ಮಾಲು ನೋಡ್ರಿ!"

೨. ಕರೆಂಟು ಹೋದಾಗ

ಅವನ ಹಿಂದೆ ಗಿರಾಕಿಗಳೆಲ್ಲ ಶಹಾಪುರದ ಬಸ್ಸು ಹತ್ತಿದರು. ಅಂಗಡಿಗೆ ಬೀಗ ಹಾಕುವುದೊಂದೇ ಬಾಕಿ. ಕಡೆಗೆ ಹೆಂಡತಿಯ ಹಳೇ ಸೀರೆಯನ್ನು ಪರದೆಯಾಗಿ ಕಟ್ಟಿ, 'ಇಲ್ಲಿಯೂ ಮಷೀನ್ ಕೆಲಸ' ಎಂದು ಬೋರ್ಡು ಬರೆದೆ. ಪರದೆಯ ಹಿಂದೆ ಒಂದು ಕೈಯಿಂದ ಅವಳ ಮಿಕ್ಸಿಯನ್ನು ಗರ್ ಅನ್ನಿಸುವುದು, ಇನ್ನೊಂದು ಕೈಯಿಂದ ಪಟ್ಟಿ ತಿಕ್ಕುವುದು. ಗಿರಾಕಿಗಳು ಒಬ್ಬೊಬ್ಬರೇ ವಾಪಸ್ ಬಂದರು.

ಹತ್ತಿಕುಣಿಯವನೊಬ್ಬನ ಗಿಟಾರು ಇನ್ನೇನು ಮುಗಿಯಬೇಕು, ಕರೆಂಟು ಹೋಯಿತು. ಬೆಳಕಿದೆ, ಕೈಯಿದೆ, ಆದರೆ ಸಪ್ಪಳವಿಲ್ಲದೆ ತಿಕ್ಕುವುದು ಹೇಗೆ? ಮಧ್ಯಾಹ್ನವಿಡೀ ಅವನ ಪಕ್ಕದಲ್ಲೇ ಕರೆಂಟಿನ ದಾರಿ ಕಾಯುತ್ತ ಕುಂತೆ. ಅವನೇ ನನಗೆ ಸಮಾಧಾನ ಹೇಳಿದ:

"ಇರ್ಲಿ ಬಿಡ್ರಿ ಕಾಕಾ. ಇದು ನಿಮ್ಮ ಕೈಲಿ ಆಗೋ ಕೆಲಸ ಏನು?"

೩. ಶಹಾಪುರದ ಮಷೀನು

ಒಂದಿನ ಶಹಾಪುರದ ಅಂಗಡಿಯವನೇ ಬಂದುಬಿಟ್ಟ. "ನಿಮ್ಮ ಮಷೀನ್ ನೋಡಬೇಕ್ರಿ" ಎಂದವನೇ ಪರದೆ ಸರಿಸಿದ. ನನ್ನ ಒಂದು ಕೈ ಪಟ್ಟಿಯ ಮೇಲೆ, ಇನ್ನೊಂದು ಮಿಕ್ಸಿಯ ಮೇಲೆ. ಪಕ್ಕದಲ್ಲಿ ಶೇಂಗಾ ಬಟ್ಟಲು ಹಿಡಿದು ನಿಂತ ಹೆಂಡತಿ: "ನಿಮ್ಮ ಮಷೀನ್ ಬಿಟ್ರ ನಾ ಚಟ್ನಿ ಮಾಡ್ಕೋತೀನಿ."

ಹೊರಗೆ ಗಿರಾಕಿ ಕುಂತಿದ್ದ. ಇವನು ಒಂದು ಮಾತು ಆಡಿದರೆ ಅಂಗಡಿ ಮುಗಿಯಿತು. ಆದರೆ ಅವನು ಒಳಗೆ ಬಂದು, ಪರದೆ ಎಳೆದು, ಸ್ಟೂಲಿನ ಮೇಲೆ ಕುಸಿದ. ಪಿಸುಮಾತಿನಲ್ಲಿ ಅಂದ:

"ಈ ಸಪ್ಪಳದ ಉಪಾಯ ನನಗ ಹೊಳೀಲಿಲ್ಲ ನೋಡ್ರಿ ಅಣ್ಣಾರ."

"ಯಾಕ? ನಿಮ್ಮಲ್ಲಿ ಖರೇ ಮಷೀನ್ ಅದಲ್ಲ?"

"ಎಲ್ಲೀದು ಮಷೀನ್? ಒಳಗ ನಮ್ಮ ಮಾವ ಕುಂತು ತಿಕ್ತಾರ್ರಿ. ಉಂಡು ಮಲಗಿದ್ರ ಗೊರಕಿ. ಅದನ್ನ ಕೇಳಿ 'ಹಾಂ, ಮಷೀನ್ ಚಾಲೂ ಆತು' ಅಂತ ಗಿರಾಕಿ ಖುಷಿ ಪಡ್ತಾರ. ಅವರು ಎದ್ದು ಕೆಲಸಕ್ಕ ಕುಂತ್ರ ಸಪ್ಪಳ ಬಂದ್. 'ಮಷೀನ್ ಕೆಟ್ಟದ' ಅಂತ ಎಲ್ಲಾರೂ ನಿಮ್ಮಲ್ಲಿಗೆ ಓಡಿ ಬರಾಕತ್ತಾರ!"

ಇಷ್ಟೊತ್ತು ನಾ ಹೇಳಿದ್ರಾಗ ಖರೆ ಎಷ್ಟು ಅಂತ ಕೇಳಬ್ಯಾಡ್ರಿ. ಈ ಚಹಾದ ರೊಕ್ಕ ಮಾತ್ರ ನೀವೇ ಕೊಟ್ಟುಬಿಡ್ರಿ. ನನಗ ಕಿಸೆಗೆ ಕೈ ಹಾಕಾಕೂ ಮಷೀನ್ ಬೇಕಾಗ್ಯದ.