ಹಾಡನ್ನು ಯಾವ ಸೀಟಿಗೆ ಹೊಂದಿಸಬೇಕೆಂಬ ಬಗ್ಗೆ

ಇಂದ,
ಪಂಚಾಕ್ಷರಯ್ಯ,
ಕಾಗದದ ವ್ಯಾಪಾರಿ, ಅವೆನ್ಯೂ ರಸ್ತೆ.
ವಾಸ: ಶಂಕರಪುರಂ, ತಮ್ಮದೇ ಮನೆ.

ಗೆ,
ಶ್ರೀಮತಿ ಗಿರಿಜಾಂಬಾ ಅವರು,
ಅರ್ಜಿದಾರನ ಧರ್ಮಪತ್ನಿ ಹಾಗೂ ಮನೆಯ ಸಕಲ ವ್ಯವಹಾರಗಳ ಮಂಜೂರಾತಿ ಅಧಿಕಾರಿ.
ಮೊಕ್ಕಾಂ: ಕಾರಿನ ಹಿಂದಿನ ಸೀಟು.

ವಿಷಯ: ಕಾರಿನ ಸ್ಟೀರಿಯೋಗೆ ಹೊಸಬರಿಗೂ ಒಗ್ಗುವ, ಡಿಎಸ್‌ಪಿ ಎಂಬ ಸದ್ದು ಹೊಂದಿಸುವ ಡಬ್ಬಿಯನ್ನು ಆರಿಸಿದ್ದು, ಅದಕ್ಕೊಂದು ಸೀಟು ಮಂಜೂರು ಮಾಡುವ ಕುರಿತು.

ಉಲ್ಲೇಖ: ತಾವು ಅಡುಗೆಮನೆಯಿಂದ ಹೊರಡಿಸಿದ ಮೌಖಿಕ ಆದೇಶ: "ಆ ಡಬ್ಬಾನ ಮೊದ್ಲು ವಾಪಸ್ ಕೊಟ್ಟು ಬನ್ನಿ."

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ತಮ್ಮ ಅವಗಾಹನೆಗೆ ತರುವುದೇನೆಂದರೆ,

೧. ಸದರಿ ಡಬ್ಬಿಯ ಕೆಲಸ ಇಷ್ಟೇ. ಬೇರೆ ಬೇರೆ ಸ್ಪೀಕರುಗಳ ಸದ್ದು ಕೇಳುವವರ ಕಿವಿಗೆ ಒಟ್ಟಿಗೇ ತಲುಪುವಂತೆ ಹದ ಮಾಡುವುದು. ಜೆ.ಸಿ. ರಸ್ತೆಯ ಅಂಗಡಿಯ ನಿತೀಶ್ ಎಂಬುವರು ಮೊದಲು ತೋರಿಸಿದ್ದಕ್ಕೆ ಲ್ಯಾಪ್‌ಟಾಪ್ ಜೋಡಿಸಿ ಪರದೆಯ ಮೇಲಿನ ಗೆರೆಗಳನ್ನು ಏರಿಸಿ ಇಳಿಸಬೇಕಿತ್ತು. ಅವರು ವಿವರಿಸಿದ್ದು ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಆದಕಾರಣ, ಪುಟ್ಟ ಮೈಕ್ ಇಟ್ಟರೆ ತಾನೇ ಕೇಳಿಸಿಕೊಂಡು ತಾನೇ ಸರಿಮಾಡಿಕೊಳ್ಳುವ ಇನ್ನೊಂದು ಡಬ್ಬಿಯನ್ನು ಆರಿಸಿ, ಪರೀಕ್ಷಾರ್ಥವಾಗಿ ಕೂರಿಸಲಾಯಿತು. ಅದು ಕೇಳುವುದು ಒಂದೇ ಪ್ರಶ್ನೆ: ಯಾವ ಸೀಟು?

೨. ತಮಗೆ ತಿಳಿದಿರುವಂತೆ, ಹಿರಿಯರು ಮುಂದೆ ಕೂರಬೇಕೆಂಬ ಮನೆಯ ಪದ್ಧತಿಯಂತೆ ಮುಂದಿನ ಎಡ ಸೀಟು ಅರ್ಜಿದಾರನ ತಾಯಿಯವರದ್ದಾಗಿತ್ತು. ಅವರು ಹೋದ ವರ್ಷ ಲಿಂಗೈಕ್ಯರಾದರು. ಆದಾಗ್ಯೂ ತಾವು ಹಿಂದಿನ ಸೀಟನ್ನು ಬಿಟ್ಟಿಲ್ಲ. ಪ್ರತಿ ಸೋಮವಾರ ಮಲ್ಲೇಶ್ವರದ ಗುಡಿಗೆ ಹೋಗುವಾಗ ಮುಂದಿನ ಸೀಟಿನಲ್ಲಿ, ಅಮ್ಮನ ಮೆತ್ತೆಯ ಮೇಲೆ, ಹಣ್ಣುಕಾಯಿ ಬುಟ್ಟಿಯು ಸೀಟ್‌ಬೆಲ್ಟ್ ಹಾಕಿಕೊಂಡು ಪ್ರಯಾಣಿಸುತ್ತಿದೆ.

೩. ಹೀಗಿರುವಲ್ಲಿ ನಿತೀಶ್ ಅವರು, "ಸಾರ್, ಯಾವ ಸೀಟಿಗೆ ಟ್ಯೂನ್ ಮಾಡ್ಲಿ?" ಎಂದು ಕೇಳಲಾಗಿ, ಅರ್ಜಿದಾರನು ಅಭ್ಯಾಸಬಲದಿಂದ "ಅಮ್ಮನ ಸೀಟಿಗೆ" ಎಂದುಬಿಟ್ಟನು. "ಅಮ್ಮಂಗೆ ಹಾಡು ಅಂದ್ರೆ ಇಷ್ಟಾನಾ ಸಾರ್?" ಎಂದು ಅವರು ಮತ್ತೆ ಕೇಳಿದರು. ಅರ್ಜಿದಾರನು ಅಮ್ಮನ ಮೆತ್ತೆಯ ಧೂಳು ಕೊಡವಿ ಸರಿಪಡಿಸಿದನು. ಮೈಕ್ ಅದರ ಮೇಲೆಯೇ ಕೂತಿತು.

೪. ಪರಿಣಾಮವಾಗಿ, ಸದ್ಯ ಶಂಕರಪುರಂ ವ್ಯಾಪ್ತಿಯಲ್ಲಿ ಅತ್ಯುತ್ತಮ ಸಂಗೀತ ಕೇಳುತ್ತಿರುವುದು ಒಂದು ತೆಂಗಿನಕಾಯಿ. ಕಳೆದ ಸೋಮವಾರ ತಾವು ಹಿಂದಿನಿಂದ, "ರೀ, ನನಗೆ ಬರೀ ಧಡ್ ಧಡ್ ಅಂತ ಕೇಳ್ಸ್ತಿದೆ. ಯಾರಿಗೆ ಹಾಡ್ತಿದಾರೆ ಇವ್ರು?" ಎಂದು ಆಕ್ಷೇಪಿಸಿದಿರಿ.

"ಮುಂದೆ ಬಾ ಗಿರಿಜಾ, ಚೆನ್ನಾಗ್ ಕೇಳ್ಸತ್ತೆ" ಎಂದು ಅರ್ಜಿದಾರನು ವಿನಂತಿಸಿದನು.

"ಅದು ಅತ್ತೆ ಜಾಗ. ಡಬ್ಬ ಬಂದ್ಮೇಲೆ ನಾನು ನೆನಪಾದ್ನಾ?"

ಉಲ್ಲೇಖಿತ ಆದೇಶ ಹೊರಬಿದ್ದದ್ದು ಆ ಸಂಜೆಯೇ.

೫. ಡಬ್ಬಿಯನ್ನು ವಾಪಸ್ ಕೊಡುವುದು ಸುಲಭ. ಆದರೆ ಅರ್ಜಿದಾರನಿಗೆ ಬೇಕಾಗಿರುವುದು ಡಬ್ಬಿಯಲ್ಲ. ಅಮ್ಮ ಇಲ್ಲವೆಂಬ ಸಂಕಟ ಒಂದು ಕಡೆ ಇದ್ದೇ ಇದೆ. ತಾವು ಇದ್ದೂ ಪಕ್ಕದಲ್ಲಿಲ್ಲವೆಂಬ ಸಂಕಟ ಇನ್ನೊಂದು. ಮದುವೆಯಾದಾಗಿನಿಂದ ತಾವು ಕಾರಿನಲ್ಲಿ ಅರ್ಜಿದಾರನ ಹಿಂದಲೆಯೊಂದಿಗೇ ಮಾತನಾಡುತ್ತಾ ಬಂದಿದ್ದೀರಿ. ಅವನು ತಮ್ಮ ಮುಖವನ್ನು ಕನ್ನಡಿಯಲ್ಲಿ, ಅದೂ ಹಿಂದೆ ಬಸ್ಸು ಬರುತ್ತಿದೆಯೇ ಎಂದು ನೋಡುವ ನೆಪದಲ್ಲಿ ನೋಡುತ್ತಾ ಬಂದಿದ್ದಾನೆ.

ಆದ್ದರಿಂದ, ಮುಂದಿನ ಎಡ ಸೀಟಿನಲ್ಲಿ ಆಸೀನರಾಗಿ, ಮೈಕನ್ನು ತಮ್ಮ ಕಿವಿಯ ಎತ್ತರಕ್ಕೆ ಮತ್ತೊಮ್ಮೆ ಇಡಿಸಿಕೊಳ್ಳಲು ಒಪ್ಪಿಗೆ ನೀಡಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ ಹಾಗೂ ಹಾಲಿ ಚಾಲಕ,
ಪಂಚಾಕ್ಷರಯ್ಯ

ಅಡಕಗಳು:
೧. ಡಬ್ಬಿಯ ಕೈಪಿಡಿ (ಓದಿಲ್ಲ).
೨. ಅಮ್ಮನ ಮೆತ್ತೆ. ಬಿಸಿಲಿಗೆ ಹಾಕಿ, ಪೂಜೆಕೋಣೆಯ ಪಕ್ಕದ ಅವರ ಕುರ್ಚಿಗೆ ಸಗೌರವವಾಗಿ ಸ್ಥಳಾಂತರಿಸಲಾಗಿದೆ.

ವಿಶೇಷ ಸೂಚನೆ: ಮುಂದಿನ ಸೀಟು ತಮಗೆ ಇಷ್ಟವಾಗದಿದ್ದಲ್ಲಿ ಬಲವಂತವಿಲ್ಲ. ಆಗ ಡಬ್ಬಿಯನ್ನು ಹಿಂದಿನ ಸೀಟಿಗೇ ಹೊಂದಿಸಿ, ಅರ್ಜಿದಾರನನ್ನೂ ಅಲ್ಲಿಗೇ, ತಮ್ಮ ಪಕ್ಕಕ್ಕೆ, ವರ್ಗಾಯಿಸಿ ಆದೇಶಿಸಬೇಕು. ಗಾಡಿ ಮನೆ ಮುಂದೆಯೇ ನಿಂತಿದ್ದರೂ ಅಭ್ಯಂತರವಿಲ್ಲ.