ಕಾಕಾನ ಕಾಂಕ್ರೀಟು ತೊಲೆ

ಮುರಿಯುವುದಕ್ಕೆಂದೇ ಕಟ್ಟುವ ಮನುಷ್ಯನನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ? ಕಂಡಿರಲಿಕ್ಕಿಲ್ಲ. ದೇವರು ಅಂಥವನನ್ನು ಒಬ್ಬನೇ ಒಬ್ಬನನ್ನು ಮಾಡಿದ. ಮಾಡಿ, ನಮ್ಮ ಮನೆಗೇ ಕಾಕಾ ಎಂದು ಕಳಿಸಿಬಿಟ್ಟ!

ನಾವು ಬನಹಟ್ಟಿಯ ನೇಕಾರರು. ಅಪ್ಪನ ತಮ್ಮನಾದ ಈ ಮಹಾನುಭಾವ ಮಾತ್ರ ಮಗ್ಗದ ಕುಣಿಗೆ ಕಾಲಿಡದೆ, ಸಾಂಗಲಿಯಲ್ಲಿ ಓದಿ, ಮುಂಬಯಿ ಸರಕಾರದ ಓವರ್ಸೀಯರನಾಗಿ ಜಮಖಂಡಿಯಲ್ಲಿ ಕೂತಿದ್ದ. ಅಲ್ಲಿಯೇ ಕೂತಿದ್ದರೆ ನಮಗೇನೂ ತಕರಾರಿರಲಿಲ್ಲ. ರವಿವಾರ ಬಂತೆಂದರೆ ಸೈಕಲ್ ಹತ್ತಿ ನಮ್ಮ ಹಿತ್ತಲಿಗೆ ಹಾಜರು! ಸಿಮೆಂಟು, ಉಸುಕು, ಖಡಿ ಕಲಸಿ, ಒಳಗೆ ಕಬ್ಬಿಣದ ಸಳಿ ಇಟ್ಟು ಗಿಡ್ಡ ಗಿಡ್ಡ ತೊಲೆಗಳನ್ನು ಎರೆಯುತ್ತಿದ್ದ. ಅವಕ್ಕೆ ಒದ್ದೆ ಗೋಣಿಚೀಲ ಹೊದಿಸಿ, ವಾರವಿಡೀ ನೀರುಣಿಸಿ ಬಾಣಂತನ ಮಾಡುವ ಕೆಲಸ ಅವ್ವನದು. ಗಟ್ಟಿಯಾದ ಮೇಲೆ ಏನು ಮಾಡುತ್ತಿದ್ದ ಅಂತೀರಿ? ಎರಡು ಕಲ್ಲುಗಳ ಮೇಲೆ ತೊಲೆಯನ್ನಿಟ್ಟು, ಬೀಸುಕಲ್ಲು, ಮುಧೋಳದ ಬೆಲ್ಲದ ಪೆಂಟೆ, ಕೈಗೆ ಸಿಕ್ಕಿದ್ದನ್ನೆಲ್ಲ ಹೇರಿ ಮುರಿಯುತ್ತಿದ್ದ.

ಬೀಳಗಿಯಿಂದ ಅಕ್ಕನನ್ನು ನೋಡಲು ಬಂದವರನ್ನೂ ಅವನು ಬಿಡಲಿಲ್ಲ. ವರನ ಅಪ್ಪನದು ಚೆನ್ನಾಗಿ ಉಂಡ ದೇಹ. ಹಿತ್ತಲಲ್ಲಿ ಆಗ ಒಂದು ತೊಲೆ ಮನೆಯ ಕಲ್ಲು, ಬೆಲ್ಲ ಎಲ್ಲವನ್ನೂ ಹೊತ್ತು ಜಪ್ಪೆನ್ನದೆ ನಿಂತಿತ್ತು. ಕಾಕಾ ಆ ಹಿರಿಯರನ್ನು ಕೈಹಿಡಿದು ಕರೆತಂದು ಅದರ ಮೇಲೆ ಕೂರಿಸಿದ. ತೊಲೆ ಬಾಗಲಿಲ್ಲ, ಬಿರುಕು ಬಿಡಲಿಲ್ಲ, ಫಟ್ಟನೆ ಮುರಿಯಿತು. ಹಿರಿಯರು ಬೆಲ್ಲದ ನಡುವೆ ಅಂಗಾತ! ಅವರನ್ನು ಎಬ್ಬಿಸುವುದು ಬಿಟ್ಟು ಕಾಕಾ ಖುಷಿಯಿಂದ ಚಪ್ಪಾಳೆ ತಟ್ಟಿದ.

"ಇದಕ್ಕ ಕಬ್ಬಿಣ ಹೆಚ್ಚಾಗಿತ್ತರಿ. ಅದಕ್ಕ ಹೇಳದ ಕೇಳದ ಹೋತು ನೋಡ್ರಿ."

ಸಂಬಂಧವೂ ಹಾಗೆಯೇ ಹೋಯಿತು.

ಅವನ ಸಿದ್ಧಾಂತ ಇಷ್ಟು. ತೊಲೆಯಲ್ಲಿ ಕಬ್ಬಿಣ ಅತಿಯಾದರೆ ಅದು ಜಗ್ಗುವುದಿಲ್ಲ. ಮೇಲಿನ ಕಾಂಕ್ರೀಟೇ ಮೊದಲು ಪುಡಿಯಾಗಿ, ಸುಳಿವು ಕೊಡದೆ ಎಲ್ಲವೂ ಕುಸಿಯುತ್ತದೆ. ಕಬ್ಬಿಣ ಹದವಾಗಿದ್ದರೆ ಮೊದಲು ಅದು ಜಗ್ಗುತ್ತದೆ, ತೊಲೆ ಬಾಗುತ್ತದೆ, ಕೆಳಗೆ ಬಿರುಕು ಕಾಣುತ್ತದೆ, ಕೂತವರಿಗೆ ಎದ್ದು ಓಡಲು ಹೊತ್ತು ಸಿಗುತ್ತದೆ. ಇದನ್ನು ಊಟಕ್ಕೆ ಕೂತಾಗ ಶೇಂಗಾ ಚಟ್ನಿಯಲ್ಲಿ ಗೆರೆ ಎಳೆದು ತೋರಿಸುತ್ತಿದ್ದ. ನಮಗೆ ತಿಳಿಯುತ್ತಿದ್ದದ್ದು ಚಟ್ನಿ ದಂಡವಾಯಿತು ಎಂಬುದೊಂದೇ.

ಮುಂದೆ ಅಪ್ಪನಿಗೆ ಮಣ್ಣಿನ ಮಾಳಿಗೆ ಕೆಡವಿ ಕಾಂಕ್ರೀಟು ಹಾಕಿಸುವ ಹುಕಿ ಬಂತು. ಓಣಿಗೇ ಅದು ಮೊದಲನೆಯದು. ನಮ್ಮಲ್ಲಿ ಮನೆತನದ ತೂಕ ನೋಡುತ್ತಿದ್ದದ್ದೇ ಮನೆಗೆ ಹಾಕಿದ ಕಬ್ಬಿಣದಲ್ಲಿ. ಅಪ್ಪ ಚಕ್ಕಡಿ ತುಂಬ ಸಳಿ ತರಿಸಿ, ದಾರಿ ಬಳಸಿ, ಎಲ್ಲರ ಬಾಗಿಲ ಮುಂದೆ ಹಾಯಿಸಿಕೊಂಡು ಬಂದ. ತೊಲೆ ಎರೆಯುವ ದಿನ ಕಾಕಾ ಏನು ಮಾಡಬೇಕು? ಓಣಿಯ ಜನವೆಲ್ಲ ನೋಡುತ್ತಿದ್ದಂತೆ ಕಬ್ಬಿಣ ಹೆಚ್ಚಾಯಿತೆಂದು ಅಚ್ಚಿನೊಳಗಿಂದ ಅರ್ಧದಷ್ಟು ಸಳಿಗಳನ್ನು ಕಿತ್ತು ಹೊರಗೆಸೆದ! ಮನೆಯ ಮಾನ ತೆಗೆದೆ ಎಂದು ಅಪ್ಪ ಕೂಗಾಡಿದ. ಕಾಕಾ ಜಗ್ಗಲಿಲ್ಲ. ಉಳಿದವರಿಗೆ ಬಾಗುವುದನ್ನು ಕಲಿಸುವ ಈ ಮನುಷ್ಯ ತಾನು ಮಾತ್ರ ಒಂದಿಷ್ಟೂ ಬಾಗುತ್ತಿರಲಿಲ್ಲ!

ಅವ್ವ ರಾಟಿ ಇಟ್ಟು ಕಂಡಿಕೆಗೆ ನೂಲು ಸುತ್ತುತ್ತಿದ್ದದ್ದು ಆ ತೊಲೆಯ ಕೆಳಗೇ. ಕಿತ್ತೆಸೆದ ಸಳಿಗಳನ್ನು ಅಲ್ಲೇ ಗೋಡೆಗೆ ಕಟ್ಟಿ ನೂಲಿನ ಲಡಿ ಹಾಕಿದಳು; ಬಂದವರಿಗೆಲ್ಲ ಅವನ್ನು ತೋರಿಸಿ ಮೈದುನನ ಪ್ರತಾಪ ಹೇಳಿದಳು. ಅವನ ರೊಟ್ಟಿಗೆ ಬೆಣ್ಣೆಯೂ ನಿಂತಿತು. ಕಾಕಾ ಕೇಳಿದರೆ, "ಬೆಣ್ಣೀನೂ ಹದಾ ಇರಬೇಕಲ್ರೀ" ಎಂದಳು.

ಮರುವರ್ಷ ಅಪ್ಪ ಮೇಲೊಂದು ಖೋಲಿ ಕಟ್ಟಿಸಲು ಹೊರಟ. ಹುಚ್ಚನನ್ನೇನು ಕೇಳುವುದೆಂದು ಕಾಕಾನಿಗೆ ತಿಳಿಸದೆ, ಚಾವಣಿಯ ನಟ್ಟನಡುವೆ ಕಲ್ಲು ಒಟ್ಟಿಸಿದ. ಒಂದು ಮಧ್ಯಾಹ್ನ ಅವ್ವನ ರಾಟಿಯ ಮೇಲೆ ಸುಣ್ಣದ ಪುಡಿ ಉದುರಿತು. ತಲೆಯೆತ್ತಿದರೆ ತೊಲೆಯ ಹೊಟ್ಟೆಯಲ್ಲಿ ಬಿರುಕು. ಹಳೆಯ ಹಗ್ಗದ ಹೊರಸಿನ ಹಾಗೆ ತೊಲೆ ಜೋತುಬೀಳುತ್ತಿತ್ತು. ಅವ್ವ ನಮ್ಮನ್ನೆಲ್ಲ ಎಳೆದುಕೊಂಡು ಹೊರಗೆ ಬಂದಳು. ಗಂಡಸರು ಕಂಬ ಕೊಟ್ಟು ಕಲ್ಲು ಇಳಿಸಿದರು. ತೊಲೆ ಬಾಗಿತ್ತು, ಬಿದ್ದಿರಲಿಲ್ಲ.

ಸುದ್ದಿ ಮುಟ್ಟಿ ಕಾಕಾ ಬಂದ. ಸಳಿ ಕಿತ್ತವನ ಕೆಲಸ ನೋಡಿ ಎಂದು ಓಣಿಯೇ ಬಯ್ಯಲು ಸಜ್ಜಾಗಿ ನಿಂತಿತ್ತು. ತೊಲೆ ಕಂಡರೆ ಹಸಿವು ಮರೆಯುವ ಮನುಷ್ಯ ಆವತ್ತು ತಲೆಯೆತ್ತಿ ಅದನ್ನು ನೋಡಲೂ ಇಲ್ಲ. ನೇರ ಅವ್ವನ ಹತ್ತಿರ ಹೋಗಿ, ಎಲ್ಲಿ ಕೂತಿದ್ದಿರಿ ಎಂದು ಕೇಳಿದ. ಅವ್ವ ರಾಟಿಯ ಕಡೆ ಕೈ ತೋರಿಸಿದಳು. ಅವನು ಅಲ್ಲೇ ನೆಲಕ್ಕೆ ಕುಸಿದು ಕೂತ.

"ವೈನಿ, ದಿನಾ ನೀವು ಇದರ ಕೆಳಗ ಕುಂದರ್ತೀರಂತ ಗೊತ್ತಿತ್ತು ನನಗ. ಅದಕ್ಕ ಸಳಿ ತಗದಿದ್ದೆ."

ಬಯ್ಯಲು ಬಂದವರು ಒಬ್ಬೊಬ್ಬರಾಗಿ ಮನೆಯ ದಾರಿ ಹಿಡಿದರು. ಅಪ್ಪ ಗೋಡೆಯ ಕಡೆ ತಿರುಗಿ ನಿಂತ. ನನಗೋ, ಆ ಹುಚ್ಚನನ್ನು ತಬ್ಬಿಕೊಳ್ಳಬೇಕೆನ್ನಿಸಿತು.

ಅವ್ವ ಒಳಗೆ ಹೋಗಿ ಬಿಸಿ ರೊಟ್ಟಿ ತಟ್ಟಿ ತಂದಳು. ಬೆಣ್ಣೆಯ ಗಡಿಗೆಯನ್ನೇ ಅವನ ಮುಂದಿಟ್ಟಳು.