ಮಕ್ಕಳಿಗೆ ಆರೋಗ್ಯ ಕಲಿಸಲು ಹೋಗಿ ಕಾಲು ಉಳುಕಿಸಿಕೊಂಡದ್ದು

ಇದು ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ನಾನಾಗ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಟೀಚರ್. ವಯಸ್ಸು ನಲವತ್ತೆರಡು, ಮದುವೆ ಆಗಿಲ್ಲ, ಅಮ್ಮ ತೀರಿಕೊಂಡು ಒಂದು ವರ್ಷ. ಫಳ್ನೀರಿನ ಹೆಂಚಿನ ಮನೆಯಲ್ಲಿ ನಾನೊಬ್ಬಳೇ. ಶಾಲೆ ಇರುವಾಗ ದಿನ ಹೇಗೋ ಹೋಗುತ್ತಿತ್ತು. ಬೇಸಗೆ ರಜೆ ಬಂತೆಂದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ನನ್ನ ಸ್ವರ ನನಗೇ ಕೇಳುತ್ತಿರಲಿಲ್ಲ.

ಆ ರಜೆಯಲ್ಲಿ ನಾನೊಂದು ಘನ ನಿರ್ಧಾರಕ್ಕೆ ಬಂದೆ. ನೆರೆಕರೆಯ ಮಕ್ಕಳಿಗೆ ವ್ಯಾಯಾಮವನ್ನೂ ಪುಷ್ಟಿಕರ ಆಹಾರವನ್ನೂ ಕಲಿಸತಕ್ಕದ್ದು. ತರಬೇತಿ ಶಾಲೆಯಲ್ಲಿ ನಾನು ಡ್ರಿಲ್ ಕಲಿತವಳು. ಇಷ್ಟು ಸಣ್ಣ ಕೆಲಸದಲ್ಲಿ ತಪ್ಪಲಿಕ್ಕೆ ಎಂತ ಉಂಟು?

ಪಕ್ಕದ ಮನೆಯ ಕಮಲಕ್ಕನ ಮೂರು ಮಕ್ಕಳು, ಅವರ ಜೊತೆಯವರು ನಾಲ್ಕು ಜನ ನನ್ನ ಅಂಗಳಕ್ಕೆ ಬಂದರು. ಈ ಮಕ್ಕಳು ದಿನವಿಡೀ ಮಾವಿನ ಮರ ಹತ್ತುತ್ತಿದ್ದರು, ನೀರಿನ ತೋಡು ಹಾರುತ್ತಿದ್ದರು. ಅದನ್ನು ನಾನು ವ್ಯಾಯಾಮವೆಂದು ಒಪ್ಪಿರಲಿಲ್ಲ. ವ್ಯಾಯಾಮಕ್ಕೆ ಸಾಲು ಬೇಕು. ಸಾಲು ನೇರ ಮಾಡುವುದರಲ್ಲೇ ಅರ್ಧ ಗಂಟೆ ಹೋಯಿತು. ಆಮೇಲೆ ಕೈ ಮೇಲೆ, ಕೈ ಕೆಳಗೆ. ಕಮಲಕ್ಕನ ಎಂಟು ವರ್ಷದ ಮಗಳು ಸುಶೀಲ ಬಹಳ ಮರ್ಯಾದೆಯಿಂದ ಕೇಳಿದಳು, "ಟೀಚರ್, ಇದು ಮುಗಿದ ಮೇಲೆ ನಾವು ಆಡ್ಲಿಕ್ಕೆ ಹೋಗ್ಬಹುದಾ?"

ಎರಡನೇ ದಿನ ಮೊಳಕೆ ಬರಿಸಿದ ಹೆಸರುಕಾಳು ಕೊಟ್ಟೆ. ಏಳು ಮಕ್ಕಳಿಗೆಂದು ನೆನೆಸಿದ್ದು ಮೊಳೆತು ಹಂಡೆ ತುಂಬಿತ್ತು. ಸೆಕೆಗೆ ಸ್ವಲ್ಪ ಹುಳಿ ವಾಸನೆಯೂ ಬಂದಿತ್ತು. ಮಕ್ಕಳು ಒಂದೊಂದು ಕಾಳು ಬಾಯಿಗೆ ಹಾಕಿ, ಉಳಿದದ್ದನ್ನು ಕೋಳಿಗಳಿಗೆ ಎಸೆದರು. ಕೋಳಿಗಳೂ ಸ್ವಲ್ಪ ಯೋಚಿಸಿದವು.

ಮೂರನೇ ದಿನ ಬಂದವರು ಮೂವರೇ. ಅಷ್ಟರಲ್ಲಿ ನನಗೆ ಆ ಗಲಾಟೆ ಅಭ್ಯಾಸವಾಗಿಬಿಟ್ಟಿತ್ತು. ಹೇಗಾದರೂ ಅವರನ್ನು ಉಳಿಸಿಕೊಳ್ಳಬೇಕೆಂದು ಬಾವಿಯ ಹಳೇ ಹಗ್ಗ ತಂದು, "ನೋಡಿ, ಹಗ್ಗ ಹಾರುವುದು ಹೀಗೆ" ಎಂದೆ. ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ ಒಮ್ಮೆ ಹಾರಿದೆ. ಎರಡನೇ ಸಲ ಹಗ್ಗ ಬಂತು, ನಾನು ಏಳಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಕೆಸರಿನಲ್ಲಿ ಬಿದ್ದೆ. ಎಡಗಾಲು ಉಳುಕಿತು.

ಸುಶೀಲ ಅಮ್ಮನನ್ನು ಕರೆಯಲು ಓಡಿದಳು. ಆ ಓಟ ನೋಡಿದವರಿಗೆ ನನ್ನ ಡ್ರಿಲ್ ಅವಳಿಗೆ ಎಷ್ಟು ಬೇಕಿತ್ತೆಂದು ತಿಳಿಯುತ್ತಿತ್ತು.

ಕಮಲಕ್ಕ ಬಂದು ನನ್ನನ್ನು ಒಳಗೆ ಕೂರಿಸಿ ಕಾಲಿಗೆ ಬಟ್ಟೆಯ ಪಟ್ಟಿ ಕಟ್ಟಿದರು. ನೀರು ಬಿಸಿ ಮಾಡಲು ಅಡುಗೆಮನೆಗೆ ಹೋದವರು ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.

"ಟೀಚರ್, ನೀವು ಮಧ್ಯಾಹ್ನ ಎಂತ ತಿಂತೀರಿ?"

"ಚಾ ಉಂಟು. ಬನ್ ಉಂಟು."

"ರಾತ್ರಿಗೆ?"

"ಬನ್ ಉಳಿದಿದ್ದರೆ ಉಂಟು."

ಅವರು ಹೆಸರುಕಾಳಿನ ಹಂಡೆಯನ್ನು ನೋಡಿದರು, ನನ್ನನ್ನು ನೋಡಿದರು. ನಾನು "ಒಬ್ಬಳಿಗೆ ಎಂತ ಅಡುಗೆ ಅಂತ..." ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದೆ.

ಮರುದಿನದಿಂದ ಸುಶೀಲ ಕುಚ್ಚಲಕ್ಕಿ ಗಂಜಿ, ಚಟ್ನಿ ತಂದು ನನ್ನ ಎದುರು ಕೂರತೊಡಗಿದಳು. "ಪೂರ್ತಿ ಖಾಲಿ ಮಾಡ್ಬೇಕಂತೆ. ನೋಡಿಕೊಂಡು ಬಾ ಅಂತ ಅಮ್ಮ ಹೇಳಿದ್ದಾರೆ." ನಾನು ನಿಧಾನವಾಗಿ ಉಣ್ಣುತ್ತಿದ್ದೆ. ಬೇಗ ಮುಗಿಸಿದರೆ ಅವಳು ಬೇಗ ಹೋಗಿಬಿಡುತ್ತಿದ್ದಳು.

ಎರಡು ವಾರದಲ್ಲಿ ಕಾಲು ಪೂರ್ತಿ ಗುಣವಾಯಿತು. ಸದರಿ ಸಂಗತಿಯನ್ನು ನಾನು ಯಾರಿಗೂ ತಿಳಿಯಪಡಿಸಲಿಲ್ಲ. ಪಟ್ಟಿ ಬಿಚ್ಚದೆ ಇನ್ನೊಂದು ವಾರ ಕುಂಟಿದೆ. ನಮ್ಮ ಎರಡೂ ಮನೆಗೆ ಒಂದೇ ಬಾವಿ. ಒಂದು ಬೆಳಿಗ್ಗೆ ಕಮಲಕ್ಕ ಅಲ್ಲಿ ಸಿಕ್ಕಿದರು.

"ಕಾಲು ಹೇಗುಂಟು ಟೀಚರ್?"

"ಇನ್ನೂ ನೋವುಂಟು ಕಮಲಕ್ಕ."

"ಎಲ್ಲಿ?"

ನಾನು ಬಲಗಾಲು ತೋರಿಸಿದೆ. ಪಟ್ಟಿ ಎಡಗಾಲಿನಲ್ಲಿತ್ತು.

ಕಮಲಕ್ಕ ನಗಲಿಲ್ಲ. ಕೊಡ ಎತ್ತಿಕೊಂಡು ಮನೆಗೆ ಹೋದರು. ನಾನು ಕುಂಟುತ್ತಲೇ ಒಳಗೆ ಬಂದೆ. ಎಳೆಯುತ್ತಿದ್ದದ್ದು ಆಗಲೂ ಬಲಗಾಲನ್ನೇ ಎಂದು ಹೊಸಿಲು ದಾಟುವಾಗ ಗೊತ್ತಾಯಿತು.